ಬಚ್ಚಲುಮನೆಯ ಬಿಸಿನೀರು

(ಬಾನುಲಿ ಭಾಷಣದ ಪಾಠ)

ದೀಪಾವಳಿಯಲ್ಲಿ ದೀಪಕ್ಕೂ ಪಟಾಕಿಗೂ ದೊರೆಯುವ ಪ್ರಾಶಸ್ತ್ಯ ನೀರು ತುಂಬುವ ಹಬ್ಬಕ್ಕೆ ದೊರೆಯುವುದಿಲ್ಲ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ನಮ್ಮ ಹಳೆಯ ಮನೆಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ಕೇಳುಗರಲ್ಲಿ ವಯಸ್ಸಾದವರು ಈಗ ನೆನೆದುಕೊಳ್ಳಬಹುದು. ನೀರೊಲೆಯ ಬೂದಿಯನ್ನೆಲ್ಲ ಬಳಿದು ತೆಗೆಯಬೇಕು. ತಾಮ್ರದ ಹಂಡೆಯನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದು, ಹುಣಸೆಹಣ್ಣು ಉಪ್ಪು ಹಾಕಿ ಒಳಗೂ ಹೊರಗೂ ಉಜ್ಜಬೇಕು. ಒಲೆಗೆ ಮಣ್ಣು ಮೆತ್ತಿ ಕೂರಿಸಿದ ದೊಡ್ಡ ಹಂಡೆಯಾದರೆ ಮನೆಯ ಹುಡುಗನೊಬ್ಬನನ್ನು ಅದರೊಳಕ್ಕೇ ಇಳಿಸಬೇಕು. ನಾನು ಹಾಗೆ ಇಳಿದವನು. ಒಳಗೆ ಕುಳಿತು ಉಜ್ಜುವಾಗ ಹೊರಗಿನಿಂದ ಅಜ್ಜಿ, "ತಳ ಉಜ್ಜೋ, ತಳ ಉಜ್ಜೋ" ಎಂದು ಕೂಗುತ್ತಿದ್ದುದು ಗುಡಿಯ ಘಂಟೆಯೊಳಗೆ ತಲೆಯಿಟ್ಟಂತೆ ಕಿವಿಗೆ ಬಡಿಯುತ್ತಿತ್ತು. ಆಮೇಲೆ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬಿ, ಗಂಗೆಯೆಂದು ಪೂಜೆ ಮಾಡಿ, ಮರುದಿನ ಬೆಳಗಿನ ಜಾವದ ಎಣ್ಣೆಸ್ನಾನಕ್ಕೆ ಅಣಿಮಾಡುತ್ತಿದ್ದರು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನಾನು ಈ ಆಚರಣೆಯನ್ನು ವಿದ್ಯಾರ್ಥಿಗಳಿಗೆ ಜಾನಪದವೆಂದೂ, ಜಲಪೂಜೆಯೆಂದೂ, ಋತುಮಾನದ ಸಂಕೇತವೆಂದೂ ವಿವರಿಸುತ್ತಿದ್ದೆ. ಅದು ನೀರು ಕಾಯಿಸುವ ಸಾಧನದ ವಾರ್ಷಿಕ ದುರಸ್ತಿಯೂ ಹೌದೆಂಬುದು ನಿವೃತ್ತನಾದ ಮೇಲೆ ಹೊಳೆಯಿತು. ಚಳಿಗಾಲ ಕಾಲಿಡುವ ಮುನ್ನ, ವರ್ಷಕ್ಕೊಮ್ಮೆ, ತಪ್ಪದೆ, ತಳದ ಗಸಿ ತೆಗೆಯುವುದು, ಬೆಸುಗೆ ಬಿಟ್ಟಿದೆಯೇ ನೋಡುವುದು, ಹೊಗೆಯ ದಾರಿ ಬಿಡಿಸುವುದು. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಮಾತ್ರವೇ ತೆಗೆಯುತ್ತಿರಲಿಲ್ಲ. ನೀರಿನಿಂದ ತಳಕ್ಕೆ ಕಚ್ಚಿದ ಸುಣ್ಣವನ್ನೂ ಕರಗಿಸುತ್ತಿತ್ತು. ಇಂದು ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಸಿಟ್ರಿಕ್ ಆಮ್ಲದ ಪುಡಿ ಮಾಡುವ ಕೆಲಸವೂ ಅದೇ. ಹಂಡೆಯ ಸ್ಥಾನಕ್ಕೆ ಗೀಸರ್ ಬಂದಿತು. ಹಬ್ಬ ಮಾತ್ರ ಅದಕ್ಕೆ ವರ್ಗವಾಗಲಿಲ್ಲ. ಬಚ್ಚಲಿನ ಮೇಲ್ಗೋಡೆಯಲ್ಲಿ ಬಿಳಿಯ ಅಂಗಿ ತೊಟ್ಟು ತೂಗಿಕೊಂಡಿರುವ ಅದನ್ನು ಹತ್ತು ವರ್ಷವಾದರೂ ಯಾರೂ ಬಿಚ್ಚಿ ನೋಡುವುದಿಲ್ಲ.

ಗೀಸರ್ ಎಂಬ ಹೆಸರು ನಮಗೆ ಬಂದದ್ದು ಇಂಗ್ಲಿಷಿನಿಂದ. ಇಂಗ್ಲಿಷಿಗೆ ಬಂದದ್ದು ಐಸ್‌ಲೆಂಡ್ ದ್ವೀಪದಿಂದ. ಅಲ್ಲಿ ನೆಲದೊಳಗಿನಿಂದ ಕುದಿನೀರನ್ನು ಆಕಾಶಕ್ಕೆ ಚಿಮ್ಮುವ ಒಂದು ಬುಗ್ಗೆಗೆ ಗೇಯ್ಸಿರ್ ಎಂದು ಹೆಸರು, ಚಿಮ್ಮುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬ, ವೃತ್ತಿಯಿಂದ ಮನೆಗಳಿಗೆ ಬಣ್ಣ ಬಳಿಯುವವನು, ಗ್ಯಾಸಿನ ಉರಿಯಿಂದ ನೀರು ಕಾಯಿಸುವ ಯಂತ್ರವನ್ನು ಮಾಡಿ ಅದಕ್ಕೆ ಈ ಹೆಸರಿಟ್ಟ. ಅದಕ್ಕೆ ಹೊಗೆ ಹೋಗಲು ಕೊಳವೆ ಇರಲಿಲ್ಲ. ಸುಟ್ಟ ಗಾಳಿಯೆಲ್ಲ ಸ್ನಾನದ ಕೋಣೆಯಲ್ಲೇ ಉಳಿಯುತ್ತಿತ್ತು. ಆ ಮಾತಿಗೆ ಮುಂದೆ ಬರುತ್ತೇನೆ. ನೀರನ್ನು ಕೊಳಗದಲ್ಲಿ ತುಂಬಿಟ್ಟು ತಾನಾಗಿ ಕಾಯಿಸುವ ಬಗೆಯನ್ನು ಅಮೆರಿಕದಲ್ಲಿ ಎಡ್ವಿನ್ ರೂಡ್ ಎಂಬಾತ 1889ರಲ್ಲಿ ರೂಪಿಸಿದ. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಾದರೂ, ನಮ್ಮ ಬಚ್ಚಲುಗಳಿಗೆ ಅದು ನೀರು ಕಾಯಿಸಲು ಬಂದದ್ದು ಬಹಳ ತಡವಾಗಿ. ನಡುವೆ ಬಹುಕಾಲ ಆಳಿದ್ದು ನಡುವೆ ಇದ್ದಿಲಿನ ಕೊಳವೆಯಿರುವ ತಾಮ್ರದ ಬಾಯ್ಲರ್.

ಈಗ ನನ್ನ ಕಥೆ. ನಾವು ಹಲಸೂರಿನವರು. ವಾರಕ್ಕೊಮ್ಮೆ ತರಕಾರಿಗೂ ಹೂವಿಗೂ ನಾನು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗುವುದು ಹಳೆಯ ರೂಢಿ. 1927ರಲ್ಲಿ ಕಟ್ಟಿದ ಈ ಮಾರುಕಟ್ಟೆಗೆ ಆಗ ದಂಡುಪ್ರದೇಶದ ಪುರಸಭೆಯ ಕಮಿಷನರ್ ಆಗಿದ್ದ ಟಿ. ಬಿ. ರಸೆಲ್ ಅವರ ಹೆಸರು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿಗಳು ಸುಟ್ಟುಹೋದವು. ಕಮಾನುಗಳೂ ಗೋಪುರಗಳೂ ಉಳಿದವು, ವ್ಯಾಪಾರಿಗಳು ಬೂದಿ ಗುಡಿಸಿ ಮತ್ತೆ ಹಣ್ಣು ಜೋಡಿಸಿದರು. ಸುತ್ತಲಿನ ಗಲ್ಲಿಗಳಲ್ಲಿ ಕನ್ನಡ, ತಮಿಳು, ದಖನಿ ಉರ್ದು ಮೂರೂ ಒಂದೇ ವಾಕ್ಯದಲ್ಲಿ ಕೇಳಿಸುತ್ತವೆ. ಅಂಥ ಒಂದು ಗಲ್ಲಿಯಲ್ಲಿ ಗೀಸರ್ ದುರಸ್ತಿ ಮಾಡುವ ಒಬ್ಬ ಹಿರಿಯರಿದ್ದಾರೆ. ಅವರ ತಂದೆ ತಾಮ್ರದ ಬಾಯ್ಲರುಗಳಿಗೆ ಬೆಸುಗೆ ಹಾಕುತ್ತಿದ್ದವರು. ನಾನು ಅವರನ್ನು ಭಾಯಿ ಎನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ನಮ್ಮ ಪರಿಚಯ ಬಹುಕಾಲ ಈ ಎರಡು ಮಾತುಗಳನ್ನು ದಾಟಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ದೀಪಾವಳಿಗೆ ಇನ್ನು ಮೂರು ವಾರವಿರುವಾಗ, ನಮ್ಮ ಮನೆಯವರು ಬಚ್ಚಲಿನಿಂದ ಬಂದವರೇ, "ಏನೂಂದ್ರೆ, ಬಿಸಿನೀರಿನ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಪ್ಪ" ಎಂದರು. ನಾನು ಪತ್ರಿಕೆಯಿಂದ ತಲೆಯೆತ್ತದೆ, "ಒದ್ದೆ ಕೈ ಅಲ್ಲವೆ, ಚಳಿಗೆ ಹಾಗೆನ್ನಿಸುತ್ತದೆ" ಎಂದೆ. ಎರಡು ದಿನದ ಮೇಲೆ ಮತ್ತೆ ಹೇಳಿದರು. ನಾನೇ ಹೋಗಿ ನಲ್ಲಿಯನ್ನು ಮುಟ್ಟಿ ನೋಡಿದೆ, ಏನೂ ಆಗಲಿಲ್ಲ. ಕಾಲಿಗೆ ರಬ್ಬರಿನ ಚಪ್ಪಲಿಯಿದ್ದುದು ನನ್ನ ಗಮನಕ್ಕೆ ಬರಲಿಲ್ಲ. ಅವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟುತ್ತಿದ್ದರು. ಈ ವ್ಯತ್ಯಾಸವನ್ನು ತಿಳಿಯುವಷ್ಟು ವಿಜ್ಞಾನ ಪ್ರೌಢಶಾಲೆಯಲ್ಲೇ ಕಲಿತಿದ್ದೆ. ಕಲಿತದ್ದು ಪರೀಕ್ಷೆಗಾಗಿ.

ಹಬ್ಬಕ್ಕೆ ಮಗಳು ತನ್ನ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಕೃಷ್ಣರಾಜಪುರದಿಂದ ಬಂದಳು. ಅಂದು ಸಂಜೆ ನಾನು ಹೂವು ತರಲು ಮಾರುಕಟ್ಟೆಗೆ ಹೋಗಿದ್ದವನು, ಭಾಯಿಯ ಅಂಗಡಿಯ ಮುಂದೆ ಹಾಯುವಾಗ ಲೋಕಾಭಿರಾಮವಾಗಿ, ಬಿಡುವಾದಾಗ ಒಮ್ಮೆ ಬಂದು ನೋಡಿ, ನಲ್ಲಿ ಸ್ವಲ್ಪ ಜುಮ್ಮೆನ್ನುತ್ತದಂತೆ ಎಂದೆ. ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. "ಮೇಷ್ಟ್ರೇ, ಎಷ್ಟು ದಿನದಿಂದ?" ಎಂದರು. ಮೂರು ವಾರ ಎಂದೆ. "ಈಗಲೇ ಮನೆಗೆ ಫೋನ್ ಮಾಡಿ. ಸ್ವಿಚ್ ಆರಿಸೋಕೆ ಹೇಳಿ. ನಲ್ಲಿ ಮುಟ್ಟಬೇಡಿ ಅಂತ ಹೇಳಿ. ಮಾತು ಆಮೇಲೆ" ಎಂದರು. ಫೋನ್ ಮಾಡಿದೆ. ಮಗುವಿಗೆ ನೀರು ಹಾಕಲೆಂದು ಸ್ವಿಚ್ ಹಾಕಿ ಹತ್ತು ನಿಮಿಷವಾಗಿತ್ತು. ಮಗು ಬಟ್ಟೆ ಬಿಚ್ಚಿಸಿಕೊಳ್ಳಲು ಒಲ್ಲದೆ ಮನೆಯೆಲ್ಲ ಓಡಾಡಿಸುತ್ತಿತ್ತಂತೆ.

ಭಾಯಿ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ನನ್ನೊಂದಿಗೇ ಆಟೋ ಹತ್ತಿದರು. ಮನೆಗೆ ಬಂದು ಮೊದಲು ಮಾಡಿದ ಕೆಲಸ ಗೀಸರ್ ಮುಟ್ಟುವುದಲ್ಲ; ಮನೆಯ ಮುಖ್ಯ ಸ್ವಿಚ್ಚನ್ನು ಇಳಿಸಿದ್ದು. ಆಮೇಲೆ ಪ್ಲಗ್ ಬಿಚ್ಚಿದರು. ಮೂರು ತಂತಿಗಳಿರಬೇಕಾದಲ್ಲಿ ಎರಡು ಕೂಡಿಸಿದ್ದವು. ಹಸಿರು ತಂತಿಯನ್ನು ಯಾರೋ ಕತ್ತರಿಸಿ ಮಡಿಚಿ ಒಳಗೆ ತುರುಕಿದ್ದರು. ಎರಡು ವರ್ಷ ಹಿಂದೆ ಪ್ಲಗ್ ಸುಟ್ಟಾಗ ಹೊಸದನ್ನು ಹಾಕಿಸಿದ್ದೆ. ಅಂದು ಬಂದ ಹುಡುಗ ಬೇಗ ಕೆಲಸ ಮುಗಿಸಿದನೆಂದು ಮೆಚ್ಚಿಕೊಂಡಿದ್ದೆ. ಆ ಹಸಿರು ತಂತಿಯೇ ಅರ್ತ್ ತಂತಿ. ಒಳಗೆ ಎಲ್ಲಾದರೂ ವಿದ್ಯುತ್ತು ಸೋರಿ ಗೀಸರಿನ ಮೈಗೆ ತಾಗಿದರೆ, ಅದು ಮನುಷ್ಯನ ಮೈಯನ್ನು ಹುಡುಕದೆ ನೆಟ್ಟಗೆ ನೆಲಕ್ಕಿಳಿಯಲೆಂದು ಇಟ್ಟ ದಾರಿ. ದಾರಿ ಇದ್ದಿದ್ದರೆ ಸೋರಿದೊಡನೆ ಫ್ಯೂಸ್ ಹೋಗುತ್ತಿತ್ತು. ನಾವು ಗೊಣಗುತ್ತಿದ್ದೆವು, ಬದುಕುತ್ತಿದ್ದೆವು.

ಸೋರಿದ್ದು ಎಲ್ಲಿ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಗೀಸರಿನ ಒಳಾಂಗವನ್ನು ಸ್ವಲ್ಪ ತಿಳಿಯಬೇಕು. ಅದೊಂದು ಮುಚ್ಚಿದ ಕೊಳಗ. ತಣ್ಣೀರು ಕೆಳಭಾಗದಲ್ಲಿ ಒಳಗೆ ಬರುತ್ತದೆ. ಬಿಸಿಯಾದ ನೀರು ಹಗುರವಾದುದರಿಂದ ಮೇಲೆ ನಿಲ್ಲುತ್ತದೆ. ಹೊರಗೆ ಹೋಗುವ ಕೊಳವೆಯ ಬಾಯಿ ಒಳಗೆ ಮೇಲ್ತುದಿಯಲ್ಲಿರುತ್ತದೆ. ನೀರು ಕಾಯಿಸುವುದು ತಳದಲ್ಲಿರುವ ಎಲಿಮೆಂಟ್. ನಮ್ಮ ಕೆಲಸಗಾರರು ಅದನ್ನು ಕಾಯಿಲ್ ಎನ್ನುತ್ತಾರೆ. ಲೋಹದ ಕೊಳವೆಯೊಂದರ ನಡುವೆ ಕಾಯುವ ತಂತಿ, ಎರಡಕ್ಕೂ ನಡುವೆ ವಿದ್ಯುತ್ತನ್ನು ಹಾಯಗೊಡದೆ ಶಾಖವನ್ನು ಮಾತ್ರ ಹಾಯಗೊಡುವ ಬಿಳಿಯ ಪುಡಿ. ನೀರು ಬೇಕಾದಷ್ಟು ಕಾದೊಡನೆ ಥರ್ಮೋಸ್ಟಾಟ್ ವಿದ್ಯುತ್ತನ್ನು ತಡೆಯುತ್ತದೆ. ಅದು ಕೈಕೊಟ್ಟರೆ ತಡೆಯಲು ಕಟೌಟ್ ಎಂಬ ಇನ್ನೊಂದು ಕಾವಲುಗಾರ. ಅದೂ ಕೈಕೊಟ್ಟರೆ ಒತ್ತಡವನ್ನು ಹೊರಗೆ ಬಿಡಲು ಸೇಫ್ಟಿ ವಾಲ್ವ್. ಹೀಗೆ ಒಬ್ಬನ ಹಿಂದೊಬ್ಬ ಮೂವರು. ಈ ಮೂವರೂ ಎಚ್ಚರವಾಗಿದ್ದಾರೆಯೇ ಎಂದು ನೋಡುವುದೇ ದುರಸ್ತಿಯ ಬಹುಪಾಲು.

ಭಾಯಿ ನೀರು ಬಸಿದು, ತಳದ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ ಕಾಯಿಲನ್ನು ಹೊರಗೆಳೆದರು. ಹೊರಬಂದದ್ದು ಕಾಯಿಲೆಂದು ನನಗೆ ಗುರುತು ಸಿಗಲಿಲ್ಲ. ಹುತ್ತದ ತುಂಡಿನ ಹಾಗಿತ್ತು. ಹೆಬ್ಬೆರಳಿನ ದಪ್ಪ ಬಿಳಿಯ ಸುಣ್ಣದ ಹಕ್ಕಳೆ. ಅದನ್ನು ತಟ್ಟಿ ಉದುರಿಸಿದಾಗ ಒಂದು ಕಡೆ ಕೊಳವೆಯ ಮೈ ಉಬ್ಬಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಸುಣ್ಣದ ಹೊದಿಕೆಯಿಂದ ಶಾಖ ನೀರಿಗೆ ಹೋಗಲಾರದೆ ಕಾಯಿಲು ತನ್ನನ್ನು ತಾನೇ ಸುಟ್ಟುಕೊಂಡಿತ್ತು. ಆ ಸೀಳಿನಿಂದ ನೀರು ಒಳಗೆ ಹೋಗಿ, ವಿದ್ಯುತ್ತು ಹೊರಗೆ ಬಂದಿತ್ತು.

ಈ ಸುಣ್ಣ ಎಲ್ಲಿಂದ ಬಂತು? ಮಳೆಯ ನೀರು ನೆಲದಲ್ಲಿ ಇಳಿಯುವಾಗ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ತಣ್ಣಗಿರುವವರೆಗೆ ಅವು ಕಣ್ಣಿಗೆ ಕಾಣವು. ಕಾಯಿಸಿದೊಡನೆ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ, ಅಂದರೆ ಸುಣ್ಣಕಲ್ಲೇ ಆಗಿ, ಎಲ್ಲಿ ಹೆಚ್ಚು ಬಿಸಿಯೋ ಅಲ್ಲೇ ಕೂರುತ್ತದೆ. ಗೀಸರಿನಲ್ಲಿ ಹೆಚ್ಚು ಬಿಸಿಯಾದ ಜಾಗ ಕಾಯಿಲಿನ ಮೈ. ಬೆಂಗಳೂರಿನ ನೀರಿನ ಚರಿತ್ರೆಯನ್ನೇ ಈ ಹಕ್ಕಳೆಯಲ್ಲಿ ಓದಬಹುದು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಬಂದದ್ದೆಲ್ಲ ಹೊಳೆಯ ನೀರು, ಹೋಲಿಕೆಗೆ ಮೆದುವಾದ ನೀರು. ಊರು ಪೂರ್ವಕ್ಕೆ ಬೆಳೆದು ಕೃಷ್ಣರಾಜಪುರವನ್ನೂ ಮಹದೇವಪುರವನ್ನೂ ದಾಟಿದಾಗ ಕೊಳಾಯಿ ಹಿಂದೆ ಬಿತ್ತು, ಕೊಳವೆಬಾವಿ ಮುಂದೆ ಹೋಯಿತು. ಸಾವಿರ ಅಡಿ ಕೆಳಗಿನ ಬಂಡೆಯ ಬಿರುಕಿನಿಂದ ಎತ್ತಿದ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸತಕ್ಕದ್ದು ಎಂದಿದೆ. ಲೀಟರಿಗೆ 400 ಮಿಲಿಗ್ರಾಂ ಎಂದಿಟ್ಟುಕೊಂಡು ದಿನಕ್ಕೆ 100 ಲೀಟರ್ ಕಾಯಿಸಿದರೆ, ಅದರಲ್ಲಿ 40 ಗ್ರಾಂ ಇರುತ್ತದೆ. ಹತ್ತರಲ್ಲೊಂದು ಪಾಲು ಮಾತ್ರ ಒಳಗೆ ಉಳಿದರೂ ವರ್ಷಕ್ಕೆ ಒಂದೂವರೆ ಕಿಲೋದ ಹತ್ತಿರ ಸುಣ್ಣಕಲ್ಲು. ಒಂದು ಕುಟುಂಬ ಅರಿಯದೆ ಬೆಳೆಸುವ ಹುತ್ತ ಇದು.

ನಮ್ಮದು ಕಾವೇರಿಯ ಮನೆಯೆಂದು ನಾನು ನೆಮ್ಮದಿಯಾಗಿದ್ದೆ. ಆದರೆ ಸಾಲದ ದಿನಗಳಲ್ಲಿ ನಾವೂ ಕೊಳವೆಬಾವಿಯ ನೀರನ್ನು ತೊಟ್ಟಿಗೆ ಬಿಡುತ್ತಿದ್ದೆವು, ಬೇಸಗೆಯಲ್ಲಿ ಟ್ಯಾಂಕರನ್ನೂ ತರಿಸುತ್ತಿದ್ದೆವು. ಆ ಲೆಕ್ಕವನ್ನು ನಾನು ಮರೆತಿದ್ದರೂ ಕಾಯಿಲು ಮರೆತಿರಲಿಲ್ಲ.

ಗೀಸರಿನೊಳಗೆ ಸುಣ್ಣ ಕೂಡಿದೆಯೆಂಬುದು ಬಿಚ್ಚುವ ಮೊದಲೇ ತಿಳಿಯುತ್ತದೆ. ಕಾಯುವಾಗ ಒಳಗಿನಿಂದ ಅಕ್ಕಿ ಹುರಿದಂತೆ ಚಟಪಟ ಸದ್ದು ಬರುತ್ತದೆ. ಹಕ್ಕಳೆಯ ಕೆಳಗೆ ಸಿಕ್ಕಿದ ನೀರು ಆವಿಯಾಗಿ ಒಡೆಯುವ ಸದ್ದು ಅದು. ಇನ್ನೊಂದು, ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇದಕ್ಕೆ ಲೆಕ್ಕವನ್ನೇ ಹಾಕಬಹುದು. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 1.2 ಯೂನಿಟ್ ವಿದ್ಯುತ್ತು ಬೇಕು. ಎರಡು ಸಾವಿರ ವಾಟಿನ ಗೀಸರಿಗೆ ಅದು 35 ನಿಮಿಷದ ಕೆಲಸ. ಗಡಿಯಾರ ಹಿಡಿದು ನೋಡಿ. ಮುಕ್ಕಾಲು ಗಂಟೆ ದಾಟಿದರೆ ಏನೋ ಅಡ್ಡ ಕುಳಿತಿದೆ. ಬೇಗ ಕಾದು ಬೇಗ ಮುಗಿದುಹೋದರೆ ಥರ್ಮೋಸ್ಟಾಟ್ ಬೇಗ ತಡೆಯುತ್ತಿದೆ, ಇಲ್ಲವೆ ಕೊಳಗದ ಜಾಗವನ್ನು ಸುಣ್ಣ ತಿಂದಿದೆ. ಕಾವೇರಿ ನೀರಿನ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ, ಕೊಳವೆಬಾವಿಯ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಸಬೇಕೆಂದು ಭಾಯಿಯ ಮತ. ಗುಂಡಿಯನ್ನು ಪೂರ್ತಿ ತಿರುಗಿಸಿ 75 ಡಿಗ್ರಿಗೆ ಇಡುವ ಅಭ್ಯಾಸವೂ ಸುಣ್ಣವನ್ನು ಬೆಳೆಸುತ್ತದೆ. ನೀರು ಬಿಸಿಯೇರಿದಷ್ಟೂ ಸುಣ್ಣ ಬಿಡುವುದು ಹೆಚ್ಚು. ತೀರ ಕಡಮೆ ಇಡುವುದೂ ಸಲ್ಲದು, ಬೆಚ್ಚಗೆ ನಿಂತ ನೀರಿನಲ್ಲಿ ಕೆಲವು ಜಾತಿಯ ರೋಗಾಣುಗಳು ಬೆಳೆಯುತ್ತವೆ. 60ರ ಸುಮಾರಿಗೆ ಇಟ್ಟು, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿಕೊಳ್ಳುವ ನಮ್ಮ ಹಳೆಯ ಕ್ರಮವೇ ಸರಿ. ಬೆರೆಸುವ ಮೊದಲು ಮಕ್ಕಳನ್ನು ದೂರವಿಡಬೇಕು. 60 ಡಿಗ್ರಿಯ ನೀರು ಎಳೆಯ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಬೇಯಿಸುತ್ತದೆ.

ಅಂದು ರಾತ್ರಿಯೇ ಮಗಳು ತನ್ನ ಮನೆಯ ಗೀಸರಿನ ದೂರನ್ನು ಭಾಯಿಯ ಮುಂದಿಟ್ಟಳು. ಅದು ಬಂದು ನಾಲ್ಕೇ ವರ್ಷ. ಬೆಳಿಗ್ಗೆ ಮೊದಲ ನೀರು ಕೆಂಪಗೆ ಬರುತ್ತದೆ, ಕೆಳಗೆ ಹನಿ ಬೀಳುತ್ತದೆ ಎಂದಳು. ಭಾಯಿ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಹನಿ ಕೊಳವೆ ಸೇರುವ ಜಾಗದಿಂದಾನಾ, ಇಲ್ಲ ಹೊಟ್ಟೆಯಿಂದಾನಾ?" ಹೊರಕವಚದ ಅಂಚಿನಿಂದ ಎಂದಳು. "ಹಾಗಾದ್ರೆ ಹೊಸದು ತಗೊಳ್ಳಿ. ಅದನ್ನ ನಾನು ಮಾಡೋಕಾಗಲ್ಲ, ಬೇರೆಯವರು ಮಾಡ್ತೀನಿ ಅಂದ್ರೆ ನಂಬಬೇಡಿ" ಎಂದರು.

ಇಲ್ಲಿ ಎರಡು ಬಗೆಯ ಕೊಳಗಗಳ ಭೇದವನ್ನು ತಿಳಿಯಬೇಕು. ನಮ್ಮ ಮನೆಯದು 1990ರ ದಶಕದಲ್ಲಿ ಕೊಂಡದ್ದು, ತಾಮ್ರದ ಕೊಳಗ. ತಾಮ್ರ ತೂತಾದರೆ ಬೆಸುಗೆ ಹಾಕಬಹುದು. ಮಗಳ ಮನೆಯದು ಉಕ್ಕಿನ ಕೊಳಗ, ಒಳಗೆ ಗಾಜಿನಂಥ ಲೇಪ. ಲೇಪ ಎಲ್ಲಿಯಾದರೂ ಬಿರುಕು ಬಿಟ್ಟರೆ ಅಲ್ಲಿ ಉಕ್ಕು ತುಕ್ಕು ಹಿಡಿಯತೊಡಗುತ್ತದೆ. ಬೆಸುಗೆಯ ಶಾಖ ತಾಕಿದರೆ ಸುತ್ತಲ ಲೇಪವೂ ಒಡೆಯುತ್ತದೆ. ಆದುದರಿಂದ ಅದಕ್ಕೆ ಮದ್ದಿಲ್ಲ. ಆದರೆ ಅದನ್ನು ತುಕ್ಕಿನಿಂದ ಕಾಯಲು ಮಾಡಿದವರು ಒಂದು ಉಪಾಯವನ್ನು ಒಳಗೇ ಇಟ್ಟಿರುತ್ತಾರೆ. ಅದು ಆನೋಡ್ ಎಂಬ ಮೆಗ್ನೀಸಿಯಂ ಕಡ್ಡಿ. ಎರಡು ಲೋಹಗಳು ಒಂದನ್ನೊಂದು ತಾಗಿಕೊಂಡು ನೀರಿನಲ್ಲಿದ್ದರೆ ಹೆಚ್ಚು ಚುರುಕಾದದ್ದು ತಾನು ಸವೆದು ಇನ್ನೊಂದನ್ನು ಉಳಿಸುತ್ತದೆ. 1824ರಲ್ಲಿ ಸರ್ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ತಗಡನ್ನು ಸಮುದ್ರದ ನೀರಿನಿಂದ ಕಾಯಲು ಕಬ್ಬಿಣದ, ಸತುವಿನ ತುಂಡುಗಳನ್ನು ಜೋಡಿಸಿ ತೋರಿಸಿದ್ದು ಇದೇ ತತ್ತ್ವ. ತಾಮ್ರವೇನೋ ಉಳಿಯಿತು, ಆದರೆ ಸವೆಯದ ತಾಮ್ರದ ಮೇಲೆ ಚಿಪ್ಪುಹುಳುಗಳು ಧಾರಾಳವಾಗಿ ಮನೆಮಾಡಿ ಹಡಗುಗಳು ನಿಧಾನವಾದವು ಎಂಬುದು ಬೇರೆಯ ಮಾತು.

ಕಡ್ಡಿ ಸವೆಯುವುದಕ್ಕೆಂದೇ ಇರುವುದು. ಸವೆದು ಮುಗಿದ ಮೇಲೆ ಸರದಿ ಕೊಳಗದ್ದು. ಗಡಸು ನೀರಿನಲ್ಲಿ ಅದು ಒಂದೆರಡು ವರ್ಷಕ್ಕೇ ಬೆರಳಿನಿಂದ ತಂತಿಯಾಗುತ್ತದೆ. ಬದಲಿಸಲು ತಗಲುವ ವೆಚ್ಚ ಹೊಸ ಗೀಸರಿನ ಬೆಲೆಯ ಮುಂದೆ ಏನೇನೂ ಅಲ್ಲ. ಮಗಳ ಮನೆಯಲ್ಲಿ ನಾಲ್ಕು ವರ್ಷವೂ ಅದನ್ನು ಯಾರೂ ನೋಡಿರಲಿಲ್ಲ; ಅಂಥದೊಂದು ಕಡ್ಡಿ ಇದೆಯೆಂದೇ ಅವಳಿಗಾಗಲಿ ಅಳಿಯನಿಗಾಗಲಿ ತಿಳಿದಿರಲಿಲ್ಲ. ಕೊಟ್ಟ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿತ್ತು.

ನಮ್ಮ ಗೀಸರಿನ ವಿಷಯದಲ್ಲಿ ನಾನೇ ಕೇಳಿದೆ, ಇದನ್ನೂ ಬಿಸುಡಬೇಕೆ ಎಂದು. ಹೊಸದನ್ನು ಕೊಳ್ಳಿರೆಂದರೆ ಭಾಯಿಗೆ ಹಳೆಯ ತಾಮ್ರ ಸಿಗುತ್ತಿತ್ತು. ಅವರು ಟಾರ್ಚ್ ಹಿಡಿದು ಕೊಳಗದ ಒಳಗನ್ನೂ, ನಿರೋಧಕ ಹತ್ತಿಯನ್ನು ಸರಿಸಿ ಹೊರಗನ್ನೂ ಬಹಳ ಹೊತ್ತು ನೋಡಿದರು. ಬೆಸುಗೆಗಳಲ್ಲಿ ಹಸಿರು ಕಿಲುಬಿಲ್ಲ, ಹೊಟ್ಟೆ ಉಬ್ಬಿಲ್ಲ, ಬಿಡಿಭಾಗಗಳು ಇನ್ನೂ ಸಿಗುತ್ತವೆ. ಆದುದರಿಂದ ಇರಲಿ ಎಂದರು. ಕಾಯಿಲು, ಥರ್ಮೋಸ್ಟಾಟ್, ಕಟೌಟ್, ರಬ್ಬರಿನ ವಾಷರ್ ನಾಲ್ಕನ್ನೂ ಒಟ್ಟಿಗೆ ಬದಲಿಸಿದರು. ಕಟೌಟನ್ನು ಹಿಂದೆ ಯಾರೋ ತಂತಿಯ ತುಂಡಿನಿಂದ ದಾಟಿಸಿ ಕಟ್ಟಿದ್ದರು. ಆ ಕಾವಲುಗಾರ ಎಷ್ಟು ವರ್ಷದಿಂದ ಮಲಗಿದ್ದನೋ.

ಅವರ ತೀರ್ಮಾನದ ರೀತಿಯನ್ನು ಆಮೇಲೆ ಎಷ್ಟೋ ಸಲ ಅಂಗಡಿಯ ಮುಂದೆ ಕುಳಿತು ನೋಡಿದ್ದೇನೆ. ವಯಸ್ಸನ್ನು ಅವರು ಕೊನೆಗೆ ಕೇಳುತ್ತಾರೆ. ಮೊದಲು ಕೇಳುವುದು ಕೊಳಗ ಸೋರುತ್ತದೆಯೇ ಎಂದು. ಉಕ್ಕಿನ ಕೊಳಗ ಸೋರಿದರೆ ಅಲ್ಲಿಗೆ ಮುಗಿಯಿತು. ತಾಮ್ರದ್ದಾದರೆ ಮೊದಲ ಬೆಸುಗೆಗೆ ಒಪ್ಪುತ್ತಾರೆ, ಎರಡನೆಯದಕ್ಕೆ ಮುಖ ಹುಳಿಮಾಡುತ್ತಾರೆ. ಒಂದೆಡೆ ತೆಳುವಾದ ತಗಡು ಎಲ್ಲ ಕಡೆಯೂ ತೆಳುವಾಗಿರುತ್ತದೆ ಎಂಬುದು ಅವರ ತಂದೆಯ ಕಾಲದ ಅನುಭವ. ಆಮೇಲೆ ಬಿಸಿನೀರು ಮಾತ್ರ ಕೆಂಪಗೆ ಬರುತ್ತದೆಯೇ, ತಣ್ಣೀರೂ ಬರುತ್ತದೆಯೇ ಎನ್ನುತ್ತಾರೆ. ಎರಡೂ ಕೆಂಪಾದರೆ ತಪ್ಪು ಮನೆಯ ಹಳೆಯ ಕಬ್ಬಿಣದ ಕೊಳವೆಯದು. ಗೀಸರನ್ನು ಬದಲಿಸಿ ಪ್ರಯೋಜನವಿಲ್ಲ. ಒಂದೇ ವರ್ಷದಲ್ಲಿ ಎರಡು ಸಲ ಕಾಯಿಲು ಹೋಯಿತೆಂದು ಬಂದವರಿಗೆ ಗೀಸರನ್ನು ಬಿಟ್ಟು ಮನೆಯ ನೀರನ್ನು ಪರೀಕ್ಷೆ ಮಾಡಿಸಿರೆಂದು ಹೇಳಿ ಕಳುಹಿಸಿದ್ದನ್ನು ಕಂಡಿದ್ದೇನೆ. ದುರಸ್ತಿಯ ಖರ್ಚು ಹೊಸದರ ಬೆಲೆಯ ಅರ್ಧವನ್ನು ಮುಟ್ಟಿದರೆ ಅವರೇ ಬೇಡವೆನ್ನುತ್ತಾರೆ. ಹಳೆಯ ಗೀಸರುಗಳಲ್ಲಿ ಶಾಖವನ್ನು ಹಿಡಿದಿಡುವ ಹೊದಿಕೆ ಸಾಲದು, ರಾತ್ರಿ ಕಾಯಿಸಿದ್ದು ಬೆಳಗಿಗೆ ಉಳಿಯದು; ಮನೆಯಲ್ಲಿ ಮಂದಿ ಹೆಚ್ಚಿದ್ದರೆ ಹೊಸದು ಕ್ರಮೇಣ ತನ್ನ ಬೆಲೆಯಲ್ಲೊಂದಷ್ಟನ್ನು ತಾನೇ ತೀರಿಸುತ್ತದೆ. ನಾವಿಬ್ಬರೇ ಇರುವ ಮನೆಗೆ ಈ ವಾದ ಹತ್ತಲಿಲ್ಲ. ಬೇಕಾದಾಗ ಹಾಕಿ, ಕಾದೊಡನೆ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗುತ್ತೇವೆ.

ಸೇಫ್ಟಿ ವಾಲ್ವಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನೀರು 20ರಿಂದ 60 ಡಿಗ್ರಿಗೆ ಕಾಯುವಾಗ ಸುಮಾರು ನೂರರಲ್ಲಿ ಒಂದೂವರೆ ಪಾಲು ಹಿಗ್ಗುತ್ತದೆ. 25 ಲೀಟರಿನ ಕೊಳಗದಲ್ಲಿ ಅದು ಒಂದೂವರೆ ಲೋಟ ನೀರು. ಒಳಬರುವ ದಾರಿಯಲ್ಲಿ ಹಿಂದಕ್ಕೆ ಬಿಡದ ವಾಲ್ವ್ ಇದ್ದರೆ ಅದಕ್ಕೆ ಹೋಗಲು ಜಾಗವಿಲ್ಲ. ಸೇಫ್ಟಿ ವಾಲ್ವಿನಿಂದ ಒಂದಷ್ಟು ಹನಿಯುವುದು ಸಹಜ, ಅದು ಬದುಕಿದೆಯೆಂಬುದರ ಗುರುತು. ಹನಿ ನಿಲ್ಲಲೆಂದು ಅದಕ್ಕೆ ಮುಚ್ಚಳ ಜಡಿಯುವವರಿದ್ದಾರೆ, ಎಂ-ಸೀಲ್ ಮೆತ್ತುವವರಿದ್ದಾರೆ. ಭಾಯಿಯ ಅಂಗಡಿಯ ಮೂಲೆಯಲ್ಲಿ ಅಂಥದೊಂದು ಗೀಸರ್ ಇದೆ. ಥರ್ಮೋಸ್ಟಾಟ್ ಕೈಕೊಟ್ಟು, ನೀರು ಕುದಿದು, ಕೊಳಗ ದಾಳಿಂಬೆಯ ಹಾಗೆ ಬಿರಿದಿದೆ. ಆಗ ಬಚ್ಚಲಿನಲ್ಲಿ ಯಾರೂ ಇರಲಿಲ್ಲವಂತೆ. ಅದನ್ನು ಅವರು ಗುಜರಿಗೆ ಹಾಕಿಲ್ಲ; ವಾಲ್ವ್ ಮುಚ್ಚಿಕೊಡಿ ಎಂದು ಬಂದವರಿಗೆ ಮಾತಾಡದೆ ಅದರ ಕಡೆ ಕೈತೋರಿಸುತ್ತಾರೆ. ಹನಿ ಧಾರೆಯಾದರೆ ವಾಲ್ವನ್ನೇ ಬದಲಿಸಬೇಕು, ಮುಚ್ಚಕೂಡದು.

ವಿದ್ಯುತ್ತಿನ ಭಯವೆಂದು ಗ್ಯಾಸಿನ ಗೀಸರಿಗೆ ಹೋಗುವವರು ಲಂಡನ್ನಿನ ಆ ಬಣ್ಣದವನ ಯಂತ್ರವನ್ನು ನೆನೆಯಬೇಕು. ಗಾಳಿ ಸಾಲದೆ ಉರಿಯುವ ಜ್ವಾಲೆ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ತಲೆ ಸುತ್ತಿತೆಂದು ಬಾಗಿಲ ಕಡೆ ತಿರುಗುವಷ್ಟರಲ್ಲಿ ಕಾಲು ಬರುವುದಿಲ್ಲ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಬಚ್ಚಲುಗಳಲ್ಲಿ ಎಳೆಯ ಪ್ರಾಯದವರು ಹೀಗೆ ತೀರಿಕೊಂಡ ಸುದ್ದಿಯನ್ನು ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಗ್ಯಾಸಿನ ಗೀಸರಿನ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ; ಒಳಗೆ ಬರಬೇಕಾದ್ದು ಬಿಸಿನೀರಿನ ಕೊಳವೆ ಮಾತ್ರ. ಈ ಒಂದು ವಿಷಯದಲ್ಲಿ ಮನೆಯ ಮಾಲಿಕರೊಡನೆ ಜಗಳವಾದರೂ ಆಗಲಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲಿನ ಮಾತೂ ಅಷ್ಟೆ: ಪ್ಲಗ್ ಕಿತ್ತಲ್ಲದೆ ನೀರಿಗೆ ಬೆರಳಿಡಬಾರದು.

ಮರುದಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅಂಗಳದ ಅರ್ತಿನ ಗುಂಡಿಯನ್ನು ಅಗೆಸಿ, ಒಣಗಿದ್ದ ಇದ್ದಿಲು ಉಪ್ಪನ್ನು ಬದಲಿಸಿ, ನೀರು ಹಾಕಿಸಿದೆ. ಗೀಸರಿಗೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ ಆಯಿತು. ಮೀಟರಿನ ಪಕ್ಕಕ್ಕೆ ಒಂದು ಆರ್‌ಸಿಸಿಬಿ ಬಂದಿತು. ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಮನೆಯ ವಿದ್ಯುತ್ತನ್ನು ಕಡಿಯುವ ಸಾಧನ ಅದು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ನಮ್ಮ ಮನೆಯಲ್ಲಿ ಒತ್ತುವ ಕೆಲಸವನ್ನು ನನಗೆ ಬಿಟ್ಟಿಲ್ಲ. ಜುಮ್ಮೆನ್ನುತ್ತದೆಂದು ಮೂರು ಸಲ ಹೇಳಿದ್ದವರೇ ಅದನ್ನು ವಹಿಸಿಕೊಂಡಿದ್ದಾರೆ. ಪ್ರತಿ ಒಂದನೆಯ ತಾರೀಖು ದೀಪ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ನಾನು ಓದುವುದನ್ನು ನಿಲ್ಲಿಸಿ ಕಾಯುತ್ತೇನೆ.

ನಮ್ಮ ತಾಮ್ರದ ಕೊಳಗ ಇನ್ನೂ ಕೆಲಸ ಮಾಡುತ್ತಿದೆ. ನೀರು ತುಂಬುವ ಹಬ್ಬಕ್ಕೆ ಒಂದು ವಾರ ಮೊದಲು ಭಾಯಿ ಬಂದು ಬಿಚ್ಚಿ ತೊಳೆದು ಹೋಗುತ್ತಾರೆ. ಅವರನ್ನು ಹುಡುಕಿಕೊಂಡು ಹೋಗುವವರಿಗೆ ಒಂದೆರಡು ಸೂಚನೆ: ಅಂಗಡಿ ತೆರೆಯುವುದು ಹನ್ನೊಂದರ ಮೇಲೆ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಇರುವುದಿಲ್ಲ. ಆನೋಡ್ ಬೇಕಾದರೆ ಹಳೆಯದನ್ನು, ಎಷ್ಟೇ ಸವೆದಿರಲಿ, ಕಾಗದದಲ್ಲಿ ಸುತ್ತಿ ಕೊಂಡೊಯ್ಯಿರಿ. ತಿರುಪಿನ ಅಳತೆ ಒಂದೊಂದು ಗೀಸರಿಗೆ ಒಂದೊಂದು. ನಲ್ಲಿ ಜುಮ್ಮೆನ್ನುತ್ತಿದ್ದರೆ ಮಾತ್ರ ಅಷ್ಟು ದೂರ ಹೊರಡುವ ಮುನ್ನ ಮನೆಯ ಮುಖ್ಯ ಸ್ವಿಚ್ಚನ್ನು ಇಳಿಸಿ ಹೊರಡಿರಿ.